ಬೆಟಗೇರಿಯ ನಿಧಾನದ ಬೆರಳು

ಬೊಳ್ಳಮ್ಮನ ಪತ್ರ ಬಂದ ದಿನ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ಪತ್ರ ನಾಲ್ಕೇ ಸಾಲಿನದು.

‘ಈ ಸೀಸನ್ ಮುಗಿದ ಮೇಲೆ ನಾನು ಹಾಕಿ ಬಿಡುತ್ತಿದ್ದೇನೆ. ಒಪ್ಪಂದದ ಪ್ರಕಾರ ನನ್ನ ಪಡಿಯಚ್ಚನ್ನು ಅಳಿಸಿಬಿಡಿ. ಮೂರು ಲಕ್ಷ ಜನ ದಿನಾ ನನ್ನನ್ನು ಬೈಯುತ್ತಿದ್ದಾರೆ ಎಂಬುದನ್ನು ನನ್ನಿಂದ ಇನ್ನು ತಡೆದುಕೊಳ್ಳಲಾಗದು. ನಿಮ್ಮ ಮೇಲೆ ನನಗೆ ಕೋಪವಿಲ್ಲ.’

ಕೊನೆಯ ಸಾಲನ್ನು ಅವಳು ಬರೆಯದೆ ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಧಾರವಾಡದ ಆ ಪ್ರಯೋಗಾಲಯದಲ್ಲಿ ‘ಹನ್ನೊಂದು’ ಎಂಬ ಆಟವನ್ನು ಕಟ್ಟಿದ ಆರು ಜನರಲ್ಲಿ ನಾನೂ ಒಬ್ಬಳು. ನನ್ನ ಹೆಸರು ತನುಜಾ ಹಂಪಿಹೊಳಿ. ಹಾಕಿ ತಂಡವೊಂದನ್ನು ಮನೆಯಲ್ಲೇ ಕೂತು ನಡೆಸುವ ಆಟಗಳು ಅದಕ್ಕೂ ಮುಂಚೆ ಬೇಕಾದಷ್ಟು ಇದ್ದವು. ಅವುಗಳಲ್ಲಿ ಆಟಗಾರ್ತಿ ಎಂದರೆ ಒಂದಷ್ಟು ಅಂಕಿಗಳು: ಓಟಕ್ಕೆ ತೊಂಬತ್ತು, ಹೊಡೆತಕ್ಕೆ ಎಂಬತ್ತೆಂಟು. ನಮ್ಮ ಆಟದಲ್ಲಿ ಅಂಕಿಗಳಿರಲಿಲ್ಲ. ಲೀಗ್ ತಂಡಗಳ ನಿಜವಾದ ಆಟಗಾರ್ತಿಯರು ಎದೆಯ ಕೆಳಗೆ ಎರಡು ಬೆರಳಗಲದ ಪಟ್ಟಿಯೊಂದನ್ನು ಕಟ್ಟಿಕೊಂಡು ಆಡುತ್ತಿದ್ದರು. ಎದೆಬಡಿತ, ಉಸಿರು, ಹೆಜ್ಜೆ, ಮೈ ತಿರುಗುವ ಬಗೆ ಎಲ್ಲವನ್ನೂ ಆ ಪಟ್ಟಿ ಬರೆದುಕೊಳ್ಳುತ್ತಿತ್ತು. ಎರಡು ಮೂರು ಸೀಸನ್ನುಗಳ ಬರಹ ಸೇರಿದರೆ ನಮ್ಮ ಯಂತ್ರ ಅದರಿಂದ ಒಂದು ಪಡಿಯಚ್ಚನ್ನು ತೆಗೆಯುತ್ತಿತ್ತು. ಅದು ಪರದೆಯ ಮೇಲೆ ಥೇಟ್ ಆ ಆಟಗಾರ್ತಿಯ ಹಾಗೇ ಓಡುತ್ತಿತ್ತು, ದಣಿಯುತ್ತಿತ್ತು, ಹೆದರುತ್ತಿತ್ತು, ಹುರುಪುಗೊಳ್ಳುತ್ತಿತ್ತು. ಹೀಗೆ ಹೆದರು ಎಂದು ನಾವು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಆಟ ಶುರುಮಾಡುವವರಿಗೆ ಚೀಟಿ ಎತ್ತಿ ಒಬ್ಬ ತಾರೆಯನ್ನು ಕೊಡುತ್ತಿದ್ದೆವು. ಹದಿನೆಂಟು ಜನರ ತಂಡದಲ್ಲಿ ಹನ್ನೊಂದು ಜನರನ್ನು ಇಳಿಸುವುದು, ಬೇಕೆಂದಾಗ ಹೊರಗೆ ಕರೆಯುವುದು, ಮತ್ತೆ ಕಳಿಸುವುದು ಎಲ್ಲಾ ಮ್ಯಾನೇಜರನ ಕೆಲಸ. ಹಾಕಿಯಲ್ಲಿ ಎಷ್ಟು ಸಲವಾದರೂ ಬದಲಾಯಿಸಬಹುದಲ್ಲ. ಜೊತೆಗೆ ಎರಡು ಗುಂಡಿಗಳಿದ್ದವು. ‘ಶಾಭಾಸ್’ ಎಂಬ ಹಸಿರು ಗುಂಡಿ, ‘ಏನಿದು!’ ಎಂಬ ಕೆಂಪು ಗುಂಡಿ. ಕೆಂಪು ಗುಂಡಿಯನ್ನು ಜನ ಎಷ್ಟು ಒತ್ತುತ್ತಾರೆ ಎಂಬ ಲೆಕ್ಕ ನಮ್ಮ ಹತ್ತಿರ ಇತ್ತು. ಅದನ್ನು ಬೊಳ್ಳಮ್ಮನಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಬೊಳ್ಳಮ್ಮ ವಿರಾಜಪೇಟೆ ಕಡೆಯವಳು, ಇಪ್ಪತ್ತನಾಲ್ಕು ವರ್ಷ, ತುಂಗಾ ತಂಡದ ಬಲ ಮುಂಪಡೆಯ ಆಟಗಾರ್ತಿ. ಮೊದಲ ವರ್ಷ ಅವಳು ಆಡಿದ್ದನ್ನು ನೋಡಿದವರು ಅವಳ ಕೋಲಿಗೆ ಚೆಂಡು ಅಂಟಿಕೊಂಡಿದೆ ಎನ್ನುತ್ತಿದ್ದರು. ಈಗ ಎರಡು ವರ್ಷದಿಂದ ಚೆಂಡು ಅವಳ ಕೋಲಿಗೆ ಬಡಿದು ಪುಟಿಯುತ್ತಿತ್ತು. ವೈದ್ಯರು ನೋಡಿದರು, ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಮೂರು ಲಕ್ಷ ಮನೆಗಳಲ್ಲಿ ಅವಳ ಪಡಿಯಚ್ಚೂ ಅದೇ ರೀತಿ ಸೊರಗಿತ್ತು.

ಪತ್ರದ ಹಿಂದೆಯೇ ತುಂಗಾ ತಂಡದ ಕೋಚ್ ಅಯ್ಯಣ್ಣ ಬಂದರು. ಅರವತ್ತರ ಹತ್ತಿರದ ಎತ್ತರದ ಮನುಷ್ಯ, ಕೂರಿ ಎಂದರೂ ಕೂರಲಿಲ್ಲ.

“ಏನಮ್ಮಾ, ನಿಮ್ಮ ಮೆಷಿನ್ನಿಗೆ ಅವಳ ಉಸಿರೂ ಗೊತ್ತು, ಎದೆಬಡಿತವೂ ಗೊತ್ತು ಅಂತೀರಿ. ಹಾಗಾದರೆ ಅವಳಿಗೆ ಏನಾಗಿದೆ ಅಂತ ಹೇಳಿ ನೋಡೋಣ. ನಾನು ಅವಳನ್ನು ತಿದ್ದದ ದಿನ ಇಲ್ಲ. ಇಂಥ ಆಟಗಾರ್ತಿ ಇಪ್ಪತ್ತು ವರ್ಷಕ್ಕೆ ಒಬ್ಬಳು ಸಿಗೋದು. ಇನ್ನು ಐದು ವಾರಕ್ಕೆ ಸೆಮಿಫೈನಲ್ಸ್.”

“ಕಾರಣ ನಮಗೂ ಗೊತ್ತಿಲ್ಲ ಸರ್, ಹುಡುಕ್ತೀವಿ,” ಎಂದೆ.

“ಬೇಗ ಹುಡುಕಿ,” ಎಂದವರು ಬಾಗಿಲಲ್ಲಿ ನಿಂತು, “ಅವಳು ಒಳ್ಳೆ ಹುಡುಗಿ ಕಣಮ್ಮಾ,” ಎಂದು ಹೊರಟುಹೋದರು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಇಮ್ತಿಯಾಜ್ ಯಾವುದನ್ನೂ ಸರಳವಾಗಿ ಯೋಚಿಸುವವನು. “ಮೂರು ಲಕ್ಷ ಮಂದಿ ಆಕಿನ್ನ ಆಡಸಾಕತ್ಯಾರ. ಅಷ್ಟರಾಗ ಒಬ್ಬರಿಗರ ಆಕಿ ಛಲೋ ಆಡಿರಬೇಕಲ್ಲ? ಅವರನ್ನ ಹುಡುಕೋಣು,” ಎಂದ.

ಹುಡುಕಲು ಅರ್ಧ ಗಂಟೆ ಸಾಕಾಯಿತು. ಮೂರು ಲಕ್ಷದಲ್ಲಿ ಒಂದೇ ಒಂದು ತಂಡ ಬೇರೆಯಾಗಿತ್ತು. ಉಳಿದ ಕಡೆ ಹತ್ತು ಪಂದ್ಯಕ್ಕೆ ಮೂರು ಗೋಲು ಹೊಡೆಯಲು ಒದ್ದಾಡುತ್ತಿದ್ದ ಬೊಳ್ಳಮ್ಮ ಆ ತಂಡದಲ್ಲಿ ಹತ್ತಕ್ಕೆ ಎಂಟು ಹೊಡೆದಿದ್ದಳು. ಮ್ಯಾನೇಜರನ ಹೆಸರು ನಾಗಪ್ಪ, ಊರು ಗದಗ-ಬೆಟಗೇರಿ.

“ಮೋಸ,” ಎಂದೆ ನಾನು. “ಯಾರೋ ಕಂಪ್ಯೂಟರಿಗೆ ಆಡಿಸೋದು ಕಲಿಸಿದಾರೆ.”

ಇಮ್ತಿಯಾಜ್ ಪರದೆಯನ್ನೇ ನೋಡುತ್ತಿದ್ದ. “ಮೋಸ ಅಲ್ರೀ ಮೇಡಂ. ಕಂಪ್ಯೂಟರ್ ಆಡಿಸಿದ್ರ ಗುಂಡಿ ಕಣ್ಣು ಮುಚ್ಚಿ ತೆರೆಯೋದರಾಗ ಒತ್ತಿರತೈತಿ. ಮನಷಾರು ಒಂದೋ ಎರಡೋ ಸೆಕೆಂಡು ತಗೋತಾರ. ಈ ನಾಗಪ್ಪನವ್ರು ನೋಡ್ರಿ, ಒಂದು ಗುಂಡಿ ಒತ್ತಾಕ ಸರಾಸರಿ ಮೂವತ್ತೊಂದು ಸೆಕೆಂಡು. ಜಗತ್ತಿನಾಗ ಇಷ್ಟು ನಿಧಾನ ಮ್ಯಾನೇಜರ್ ಇನ್ನೊಬ್ಬ ಇಲ್ಲ.”

ಮಾರನೆಯ ದಿನ ನಾವಿಬ್ಬರೂ ಬೆಟಗೇರಿಗೆ ಹೋದೆವು.

ನೇಕಾರರ ಓಣಿ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ನಾಗಪ್ಪನ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು, ಅದರ ಮೇಲೆ ಹಳೆಯ ಚಾದರ ಹೊದೆಸಿದ್ದರು. ಬಾಗಿಲು ತೆಗೆದಾಕೆ ಅವರ ಹೆಂಡತಿ ಫಕ್ಕೀರವ್ವ. ಗಟ್ಟಿ ಮೈಕಟ್ಟು, ಹಣೆ ತುಂಬ ಕುಂಕುಮ, ಎಡ ಮೊಣಕಾಲು ಸ್ವಲ್ಪ ಎಳೆಯುತ್ತಿತ್ತು.

“ಆಟದ ಕಂಪನಿಯವ್ರಾ? ಬರ್ರಿ ಬರ್ರಿ. ನಾವೇನರ ತಪ್ಪು ಮಾಡೀವೇನ್ರಿ?”

“ಇಲ್ರೀ ಅಮ್ಮಾ. ನೀವು ಇಷ್ಟು ಛಲೋ ಹೆಂಗ ಆಡತೀರಿ ಅಂತ ಕೇಳಾಕ ಬಂದೀವಿ,” ಎಂದೆ.

ಆಕೆ ಗೋಡೆಯ ಕಡೆ ಕೈ ತೋರಿಸಿದಳು. ಮಂಚದ ಮೇಲೆ ದಿಂಬಿಗೆ ಒರಗಿ ನಾಗಪ್ಪ ಕೂತಿದ್ದರು. ಎರಡು ವರ್ಷದ ಕೆಳಗೆ ಮಗ್ಗದ ಮೇಲೆ ಕೂತಿದ್ದಾಗಲೇ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವಂತೆ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ರಬ್ಬರಿನ ಚೆಂಡು ಹಿಚುಕಲು ಕೊಟ್ಟರೆ ಇವರು ಗೋಡೆಗೆ ಮುಖ ಮಾಡುತ್ತಿದ್ದರಂತೆ.

“ಕಡಿಗೆ ಆ ಹುಡುಗಿನ ಈ ಆಟ ಹಾಕಿಕೊಟ್ಳು. ದೊಡ್ಡ ದೊಡ್ಡ ಗುಂಡಿ ಅದಾವ, ಬಲಗೈ ಬೆರಳಿಲೇ ಒತ್ರಿ ಅಂದ್ಳು. ನಾ ಹಾಕಿ ಆಡಿದಾಕಿ, ನಮ್ಮನಿಯವ್ರು ನನ್ನ ಮ್ಯಾಚ್ ನೋಡಾಕ ಬರತಿದ್ರು, ಹಂಗ ಲಗ್ನ ಆಗಿದ್ದು ನಮ್ದು. ಚೀಟಿಯೊಳಗ ನಮ್ಮ ಪಾಲಿಗೆ ಬೊಳ್ಳಮ್ಮ ಬಂದ್ಳು. ಆಕಿ ಬಂದ ದಿನದಿಂದ ಇವ್ರು ಗೋಡಿ ಕಡೆ ತಿರುಗಿಲ್ಲ ನೋಡ್ರಿ.”

ಮಂಡಕ್ಕಿ ಒಗ್ಗರಣೆಯ ಸುಸಲಾ, ಚಹಾ ಬಂತು. ತಟ್ಟೆಯನ್ನು ಕೈಗಿತ್ತು ಫಕ್ಕೀರವ್ವ ನೆಲದ ಮೇಲೆ ಕೂತು, ನಮಗೂ ವೈದ್ಯರಿಗೂ ಸಿಗದಿದ್ದನ್ನು ಹೇಳಿದಳು.

ಮೊದಮೊದಲು ಆಕೆಯೂ ಎಲ್ಲರ ಹಾಗೇ ಆಡಿಸುತ್ತಿದ್ದಳು. ಬೊಳ್ಳಮ್ಮ ಚೆಂಡು ಕಳೆದುಕೊಂಡ ಕೂಡಲೇ “ತಗೀರಿ ಆಕಿನ್ನ ಹೊರಗ!” ಎಂದು ಗಂಡನಿಗೆ ಕೂಗುತ್ತಿದ್ದಳು. ನಾಗಪ್ಪ ಬೆರಳು ಎತ್ತಲು ಶುರುಮಾಡುತ್ತಿದ್ದರು. ಬೆರಳು ಎದ್ದು, ನಡುಗಿ, ಗುಂಡಿಯ ಮೇಲೆ ಇಳಿಯುವುದಕ್ಕೆ ಅರ್ಧ ನಿಮಿಷ. ಅಷ್ಟರಲ್ಲಿ ಬೊಳ್ಳಮ್ಮ ಮತ್ತೊಂದು ಚೆಂಡನ್ನು ಕಸಿದುಕೊಂಡಿರುತ್ತಿದ್ದಳು, ಇಲ್ಲವೇ ಒಂದು ಒಳ್ಳೆಯ ಪಾಸ್ ಕೊಟ್ಟಿರುತ್ತಿದ್ದಳು. ಆಗ ಅವಳಿಗೆ ಹೊರಗೆ ಬಾ ಎಂಬ ಕರೆ ಹೋಗುತ್ತಿತ್ತು.

“ಅಯ್ಯ, ಛಲೋ ಆಡೂ ಹೊತ್ತಿಗೆ ಕರದಂಗಾತಲ್ಲ ಅಂತ ನನಗ ಕಸಿವಿಸಿ. ಆದ್ರ ನೋಡ್ರಿ, ಹೊರಗ ಕುಂತಾಕಿ ನಗ್ಯಾಡಕೋತ ಕುಂತಿದ್ಳು. ತಿರುಗಿ ಒಳಗ ಹೋದ ಮ್ಯಾಲೆ ಹುಲಿ ಆದ್ಳು! ಮರುದಿನಾನೂ ಹಂಗ. ಆಮ್ಯಾಲೆ ನನಗ ತಿಳೀತು. ತಪ್ಪು ಮಾಡಿದ ಕೂಡಲೆ ಹೊರಗ ಕರದ್ರ ಅದು ಬೈದಂಗ. ಏನರ ಛಲೋ ಮಾಡಿದ ಮ್ಯಾಲೆ ಕರದ್ರ, ‘ದಣದೀಯವಾ, ಬಾ, ಚೂರು ಕುಂದ್ರು’ ಅಂದಂಗ. ಬೆಂಚು ಅದ ಬೆಂಚು, ನೀರು ಅದ ನೀರು. ಆದ್ರ ಕುಂದ್ರಾಕಿ ಬ್ಯಾರೆ ಆಗತಾಳ.”

ಇಮ್ತಿಯಾಜ್ ಬಾಯಿಗೆ ಹಾಕಿಕೊಂಡ ಸುಸಲಾ ಅಗಿಯುವುದನ್ನೇ ಮರೆತಿದ್ದ.

“ಕೆಂಪು ಗುಂಡಿ?” ಎಂದು ಕೇಳಿದೆ.

“ಅದನ್ನ ಒತ್ತಾಕ ಇವ್ರು ಒಪ್ಪಂಗಿಲ್ರಿ.” ಫಕ್ಕೀರವ್ವ ನಕ್ಕಳು. ನಾಗಪ್ಪ ತಲೆಯಾಡಿಸಿದರು. ಆಮೇಲೆ ಆಕೆ ಮೊಣಕಾಲು ಉಜ್ಜಿಕೊಳ್ಳುತ್ತಾ ಬೇರೆ ದನಿಯಲ್ಲಿ ಹೇಳಿದಳು: “ನನಗ ಹತ್ತೊಂಬತ್ತು ವರ್ಷ ಇದ್ದಾಗ ರಾಜ್ಯದ ತಂಡಕ್ಕ ಆರಿಸೂ ಮ್ಯಾಚ್ ಇತ್ರಿ. ನನ್ನ ಕೋಲಿನಿಂದ ಚೆಂಡು ಜಾರಿ ಗೋಲ್ ಆತು. ಆ ಗಳಿಗೀಗೆ ಹೊರಗ ಕರದ್ರು. ಮ್ಯಾಚ್ ಮುಗಿಯೋತನಕಾ ಕುಂತಿದ್ನಿ, ತಿರುಗಿ ಕಳಸಲಿಲ್ಲ. ಮುಂದ ಎಲ್ಲೇ ಆಡಿದ್ರೂ ಚೆಂಡು ಬಂತಂದ್ರ ಎದಿ ಹಿಡಕೊಂಡಂಗ ಆಗತಿತ್ತು. ಬಿಟ್ಟಬಿಟ್ನಿ. ಈ ಹುಡುಗಿ ಚೆಂಡು ಹಿಡ್ಯೂದು ನೋಡಿದ್ರ ನನಗ ಅದ ನೆನಪಾಗತೈತಿ.”

ನಾವು ಹೊರಡುವಾಗ ನಾಗಪ್ಪ ಬಲಗೈಯ ತೋರುಬೆರಳನ್ನು ಮೆಲ್ಲಗೆ ಎತ್ತಿ ತೋರಿಸಿದರು. ಅದು ಅವರ ನಮಸ್ಕಾರ. “ಆರು ತಿಂಗಳ ಹಿಂದ ಅದು ಏಳತಿರಲಿಲ್ರಿ. ಬೊಳ್ಳಮ್ಮಗ ನಮ್ಮ ಪುಣ್ಯ ಎಲ್ಲಾ ಹೋಗಲಿ,” ಎಂದಳು ಫಕ್ಕೀರವ್ವ.

ಬೊಳ್ಳಮ್ಮನ ಪಡಿಯಚ್ಚು ಇನ್ನು ಐದಾರು ವಾರದಲ್ಲಿ ಅಳಿಸಿಹೋಗಲಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪ್ರಯೋಗಾಲಯಕ್ಕೆ ಬಂದವರೇ ಯಂತ್ರಕ್ಕೆ ಹತ್ತು ಸಾವಿರ ಪಂದ್ಯಗಳನ್ನು ಕೊಟ್ಟೆವು. ತಂಡ ಅದೇ, ಎದುರಾಳಿಗಳು ಅವರೇ. ಬದಲಾಯಿಸಿದ್ದು ಒಂದೇ ನಿಯಮ: ತಪ್ಪಾದ ಮೇಲೆ ಬೊಳ್ಳಮ್ಮನನ್ನು ಕರೆಯಬೇಡ, ಅವಳು ಒಂದು ಒಳ್ಳೆಯ ಕೆಲಸ ಮಾಡುವ ತನಕ ಕಾಯಿ, ಆಮೇಲೆ ಕರೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಫಕ್ಕೀರವ್ವ ಹೇಳಿದ್ದಕ್ಕೂ ಯಂತ್ರ ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಕಾರಣ ಉಸಿರಿನಲ್ಲಿತ್ತು. ತಪ್ಪು ಮಾಡಿ ಹೊರಗೆ ಬಂದ ಬೊಳ್ಳಮ್ಮ ಮತ್ತೆ ಒಳಗೆ ಹೋದಾಗ, ಚೆಂಡು ತನ್ನ ಕಡೆ ಬರುತ್ತಿದೆ ಎಂದು ಕಂಡ ಕೂಡಲೇ ಉಸಿರು ಹಿಡಿಯುತ್ತಿದ್ದಳು. ಉಸಿರು ಹಿಡಿದರೆ ಹೆಗಲು ಬಿಗಿಯುತ್ತದೆ, ಹೆಗಲು ಬಿಗಿದರೆ ಮುಂಗೈ ಕಲ್ಲಾಗುತ್ತದೆ, ಕಲ್ಲಿನಂಥ ಕೈಯಲ್ಲಿ ಹಿಡಿದ ಕೋಲಿಗೆ ಚೆಂಡು ಬಡಿದು ಪುಟಿಯುತ್ತದೆ. ಹನ್ನೊಂದು ಹನ್ನೆರಡು ನಿಮಿಷ ಹೀಗೇ. ಅಷ್ಟರಲ್ಲಿ ಇನ್ನೊಂದು ತಪ್ಪು, ಮತ್ತೆ ಹೊರಗೆ. ಮೊದಲ ಸೀಸನ್ನಿನಲ್ಲಿ ತಂಡಕ್ಕೆ ಬೇರೊಬ್ಬ ಕೋಚ್ ಇದ್ದರು. ಅವರು ಗಡಿಯಾರ ನೋಡಿ ಬದಲಾಯಿಸುತ್ತಿದ್ದರು. ಆ ವರ್ಷದ ಬರಹದಲ್ಲಿ ಅವಳ ಉಸಿರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಎರಡೂ ಬಗೆಯ ಉಸಿರು ಪಡಿಯಚ್ಚಿನಲ್ಲಿ ಇದ್ದೇ ಇದ್ದವು. ಆದರೆ ಮೂರು ಲಕ್ಷ ಮ್ಯಾನೇಜರುಗಳೂ ಟಿ.ವಿ.ಯಲ್ಲಿ ನೋಡಿದ ಹಾಗೇ ತಪ್ಪಾದ ಕೂಡಲೇ ಗುಂಡಿ ಒತ್ತುತ್ತಿದ್ದರು. ನಾವೂ ಯಂತ್ರವನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದು ಒಂದು ಸೋತ ಬೆರಳು.

ಇದನ್ನು ಅಯ್ಯಣ್ಣನವರಿಗೆ ಹೇಳುವುದು ಹೇಗೆ? ತಪ್ಪಾದ ಕೂಡಲೇ ಅವಳನ್ನು ಹೊರಗೆ ಕರೆಯುತ್ತಿದ್ದವರು ಅವರೇ ಅಲ್ಲವೆ? ನಾನು ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟೆ. ಒಂದು ಮೊದಲ ವರ್ಷದ ಉಸಿರು, ಇನ್ನೊಂದು ಈಗಿನದು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ತಪ್ಪು ಮಾಡಿದ ಕೂಡಲೇ ತಿದ್ದದೆ ಇದ್ದರೆ ಕಲಿಯೋದು ಹೇಗೆ?” ಎಂದರು. “ನನ್ನನ್ನು ಬೆಳೆಸಿದ್ದೂ ಹಾಗೇ.”

“ತಿದ್ರಿ ಸರ್,” ಎಂದ ಇಮ್ತಿಯಾಜ್. “ಒಂದು ಅರ್ಧ ನಿಮಿಷ ತಡದು ತಿದ್ರಿ, ಅಷ್ಟ.”

ಅಯ್ಯಣ್ಣನವರಿಗೆ ನಗು ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅವರು ನಮ್ಮಲ್ಲಿ ಕೂತದ್ದು ಅದೇ ಮೊದಲು.

“ಅಂದರೆ ಅವಳನ್ನು ಕೆಡಿಸಿದ್ದು ನಾನು.”

“ಹಾಗಲ್ಲ ಸರ್,” ಎಂದೆ. “ಅವಳಿಗೆ ಏನಾಗಿದೆ ಅಂತ ಕೇಳಿಕೊಂಡು ಬಂದವರೂ ನೀವೊಬ್ಬರೇ.”

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. “ಇದನ್ನು ಕಂಡುಹಿಡಿದವರು ಯಾರು?”

ಫಕ್ಕೀರವ್ವನ ವಿಷಯ ಹೇಳಿದೆ, ಅವಳ ಹತ್ತೊಂಬತ್ತನೆಯ ವರ್ಷದ ಆ ಪಂದ್ಯವನ್ನೂ ಹೇಳಿದೆ. ಅವರು ಎದ್ದು ಹೋದರು.

ಸೆಮಿಫೈನಲ್ಸ್ ಬೆಂಗಳೂರಿನಲ್ಲಿ ಸಂಜೆ ನಾಲ್ಕಕ್ಕೆ. ನಾನೂ ಇಮ್ತಿಯಾಜನೂ ಬೆಂಚಿನ ಹಿಂದಿನ ಸಾಲಿನಲ್ಲಿದ್ದೆವು. ನೀರು ಚಿಮುಕಿಸಿದ ನೀಲಿ ಹಾಸು ಬಿಸಿಲಿಗೆ ಹೊಳೆಯುತ್ತಿತ್ತು. ಐದನೆಯ ನಿಮಿಷದಲ್ಲೇ ಬೊಳ್ಳಮ್ಮನ ಕೋಲಿನಿಂದ ಚೆಂಡು ಪುಟಿಯಿತು. ಅವಳು ಅಭ್ಯಾಸಬಲದಿಂದ ಬೆಂಚಿನ ಕಡೆ ನಾಲ್ಕು ಹೆಜ್ಜೆ ಬಂದೇಬಿಟ್ಟಿದ್ದಳು. ಅಯ್ಯಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ಆಕಾಶ ನೋಡುತ್ತಿದ್ದರು. ಆ ಕೈಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದದ್ದು ಹಿಂದೆ ಕೂತ ನಮಗೆ ಕಾಣುತ್ತಿತ್ತು. ಬೊಳ್ಳಮ್ಮ ಗೊಂದಲದಲ್ಲಿ ತಿರುಗಿ ಓಡಿದಳು. ಎರಡು ನಿಮಿಷದ ಮೇಲೆ ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ತಂಡಕ್ಕೆ ಪೆನಾಲ್ಟಿ ಕಾರ್ನರ್ ಗಿಟ್ಟಿಸಿದಳು. ಆಗ ಅಯ್ಯಣ್ಣ ಕೈಯೆತ್ತಿ ಕರೆದರು.

ಅವಳ ಮುಖ ಬಾಡಿತು. ಬಂದು ನಿಂತಳು.

“ಸರ್, ಈಗ ಏನು ತಪ್ಪು ಮಾಡಿದೆ?”

“ತಪ್ಪೇನೂ ಇಲ್ಲ. ಚೆನ್ನಾಗಿ ಆಡ್ದೆ. ಕೂತ್ಕೋ. ನೀರು ಕುಡಿ.”

ಅವಳು ನೀರಿನ ಬಾಟಲಿ ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಾ ಕೂತಳು. ಕೋಚ್ ಅವಳಿಗೆ ಎರಡು ವರ್ಷದಲ್ಲಿ ಆ ಮಾತು ಹೇಳಿದ್ದು ಅದೇ ಮೊದಲಂತೆ.

ಆ ಸಂಜೆ ಅವಳು ಆಡಿದ್ದು ಒಟ್ಟು ಮೂವತ್ತೆಂಟು ನಿಮಿಷ. ಎಂದಿಗಿಂತ ಹತ್ತು ನಿಮಿಷ ಕಡಿಮೆ. ಮೂರನೆಯ ಕ್ವಾರ್ಟರಿನಲ್ಲಿ ಬಲ ಅಂಚಿನಿಂದ ಇಬ್ಬರನ್ನು ದಾಟಿ ಗೋಲು ಹೊಡೆದಳು. ನಾಲ್ಕನೆಯದರಲ್ಲಿ ಖಾಲಿ ಗೋಲಿನ ಎದುರು ಚೆಂಡನ್ನು ಹೊರಗೆ ಹೊಡೆದಳು, ಇಡೀ ಮೈದಾನ ‘ಅಯ್ಯೋ’ ಎಂದಿತು. ಅವಳು ಬೆಂಚಿನ ಕಡೆ ನೋಡಲೇ ಇಲ್ಲ. ಮರು ನಿಮಿಷಕ್ಕೆ ಅದೇ ಜಾಗಕ್ಕೆ ಓಡಿಬಂದು, ಈ ಸಲ ಗೆಳತಿಗೆ ಪಾಸ್ ಕೊಟ್ಟಳು. ಗೆಳತಿ ಗೋಲು ಹೊಡೆದಳು. ತುಂಗಾ ತಂಡಕ್ಕೆ ಎರಡು–ಒಂದರ ಗೆಲುವು. ಪಂದ್ಯ ಮುಗಿದಾಗ ನನ್ನ ಕೈಯಲ್ಲಿದ್ದ ಟ್ಯಾಬಿನಲ್ಲಿ ಅವಳ ಉಸಿರಿನ ಗೆರೆ ಏರುತ್ತಾ ಇಳಿಯುತ್ತಾ ಎಲ್ಲೂ ತಡೆಯದೆ ಹೋಗುತ್ತಿತ್ತು. ಇಮ್ತಿಯಾಜ್ ಸುಮ್ಮನೆ ಕಣ್ಣೊರೆಸಿಕೊಂಡ.

ಫೈನಲ್ಸ್‌ನಲ್ಲಿ ತುಂಗಾ ತಂಡ ಸೋತಿತು. ಅವತ್ತೂ ಬೊಳ್ಳಮ್ಮ ಚೆನ್ನಾಗಿಯೇ ಆಡಿದಳು. ಹಾಕಿ ಬಿಡುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆದರೆ ಪಡಿಯಚ್ಚಿನ ವಿಷಯದಲ್ಲಿ ಅವಳ ಮನಸ್ಸು ಬದಲಾಗಿರಲಿಲ್ಲ.

“ಅದನ್ನು ಅಳಿಸಿ ಮೇಡಂ. ನಾನು ಮನೆಯಲ್ಲಿ ಊಟ ಮಾಡ್ತಾ ಇರೋವಾಗ ಎಲ್ಲೋ ಯಾರೋ ನನ್ನನ್ನ ಓಡಿಸ್ತಾ ಇರ್ತಾರೆ. ನನಗೆ ಬೇಡ,” ಎಂದಳು ಫೋನಿನಲ್ಲಿ.

“ಅಳಿಸ್ತೀವಿ,” ಎಂದೆ. “ಅದಕ್ಕಿಂತ ಮೊದಲು ಒಂದು ಮನೆ ನೋಡ್ತೀಯಾ? ನೀನು ಬಂದು ನೋಡದಿದ್ದರೂ ಅಳಿಸ್ತೀವಿ. ಮಾತು ಕೊಟ್ಟಿದ್ದೀವಿ.”

ಅವಳು ಬಂದಳು. ಅಯ್ಯಣ್ಣನವರೂ ಜೊತೆಗೆ ಬಂದರು. ನಾನು ಕರೆದಿರಲಿಲ್ಲ.

ಬೆಟಗೇರಿಯ ಆ ಮನೆಯ ಹೊಸ್ತಿಲಲ್ಲಿ ಬೊಳ್ಳಮ್ಮನನ್ನು ಕಂಡ ಫಕ್ಕೀರವ್ವ ಕಾಲೆಳೆಯುತ್ತಲೇ ಓಡಿಬಂದಳು. ಹುಡುಗಿಯ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. “ಎಷ್ಟ ತೆಳ್ಳಗ ಅದಿಯಲ್ಲೇ ಯವ್ವಾ! ಪರದೆದಾಗ ದಪ್ಪ ಕಾಣತಿದ್ದಿ.” ಬೊಳ್ಳಮ್ಮ ಬಗ್ಗಿ ಇಬ್ಬರ ಕಾಲೂ ಮುಟ್ಟಿದಳು.

ಅಯ್ಯಣ್ಣ ಕೈಮುಗಿದು ನಿಂತರು. “ನಾನು ಈ ಹುಡುಗಿಯ ಕೋಚ್. ನಿಮ್ಮ ಹತ್ತಿರ ಕಲಿತದ್ದು ಬಹಳ ಇದೆಯಮ್ಮಾ. ನಿಮ್ಮನ್ನು ಅವತ್ತು ಹೊರಗೆ ಕರೆದವರು ನಾನಲ್ಲ. ಆದರೆ ನಾನೂ ಎಷ್ಟೋ ಮಕ್ಕಳನ್ನ ಹಾಗೆ ಕರೆದಿದೀನಿ. ಅವರೆಲ್ಲ ಈಗ ಎಲ್ಲಿದ್ದಾರೋ. ಅವರಿಗೆ ಹೇಳಬೇಕಾದ್ದನ್ನ ನಿಮಗೆ ಹೇಳ್ತಾ ಇದೀನಿ. ತಪ್ಪಾಯ್ತು.”

ಫಕ್ಕೀರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. “ಕುಂದರ್ರಿ ಸರ್,” ಎಂದಳು ಕೊನೆಗೆ. “ಇಷ್ಟು ವರ್ಷದಾಗ ಯಾರೂ ಈ ಮಾತು ಹೇಳಿರಲಿಲ್ಲ. ನೀವು ಹೇಳಿದ್ರಲ್ಲ.” ಚಹಾ ತರುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲು ಬಹಳ ಹೊತ್ತು ಮಾಡಿದಳು.

ನಾಗಪ್ಪ ಆಟ ಹಚ್ಚಿದರು. ಬೊಳ್ಳಮ್ಮ ತನ್ನ ಪಡಿಯಚ್ಚನ್ನು ಅಲ್ಲಿಯ ತನಕ ನೋಡಿಯೇ ಇರಲಿಲ್ಲವಂತೆ. ಮಂಚದ ಪಕ್ಕ ನೆಲದ ಮೇಲೆ ಮಂಡಿ ತಬ್ಬಿಕೊಂಡು ಕೂತಳು. ಪರದೆಯ ಮೇಲಿನ ಬೊಳ್ಳಮ್ಮ ಓಡಿದಳು, ಚೆಂಡು ಹಿಡಿದಳು, ಕಳೆದುಕೊಂಡಳು. ನಿಜವಾದ ಬೊಳ್ಳಮ್ಮನ ಹೆಗಲು ಬಿಗಿಯಿತು. ನಾಗಪ್ಪ ಗುಂಡಿ ಮುಟ್ಟಲಿಲ್ಲ. ಪರದೆಯವಳು ಹಿಂದಕ್ಕೆ ಓಡಿ, ಕೋಲು ಚಾಚಿ, ಚೆಂಡನ್ನು ಮರಳಿ ಕಸಿದುಕೊಂಡು ಗೆಳತಿಗೆ ದಾಟಿಸಿದಳು. ಆಗ ನಾಗಪ್ಪನ ಬೆರಳು ಗುಂಡಿಯ ಮೇಲೆ ಬಂತು. ನಡುಕವಿತ್ತು, ಆದರೆ ತಡವಾಗಲಿಲ್ಲ.

“ಈಗ ಬೆರಳು ಜಲ್ದಿ ಏಳತೈತವಾ,” ಎಂದಳು ಫಕ್ಕೀರವ್ವ. “ಎರಡು ಸೆಕೆಂಡಿಗೆ ಒತ್ತತಾರ. ಆದ್ರೂ ನೀ ಛಲೋ ಆಡೂತನಕಾ ತಡಕೋತಾರ.”

ಪರದೆಯವಳು ಬೆಂಚಿನ ಮೇಲೆ ಹೋಗಿ ಕೂತಳು, ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ಬೊಳ್ಳಮ್ಮ ಅದನ್ನು ನೋಡುತ್ತಲೇ ಇದ್ದಳು. ಅವಳ ಕಣ್ಣು ತುಂಬಿತ್ತು.

“ನನ್ನನ್ನ ಇಷ್ಟು ಚೆನ್ನಾಗಿ ನೋಡಿಕೊಳ್ಳೋರು ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದಳು.

ನಾನು ಆಗ ಅಳಿಸುವ ವಿಷಯ ಹೇಳಲೇಬೇಕಾಯಿತು. ಮುಚ್ಚಿಡುವುದು ಸರಿಯೆನಿಸಲಿಲ್ಲ. ನಾಗಪ್ಪನ ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು. ಫಕ್ಕೀರವ್ವ ಗಂಡನ ಮುಖ ನೋಡಿದಳು, ಬೊಳ್ಳಮ್ಮನ ಮುಖ ನೋಡಿದಳು.

“ಅದು ನಿನ್ನ ಉಸರವಾ, ನಿನಗ ಸೇರಿದ್ದು. ಬ್ಯಾಡ ಅನಸಿದ್ರ ಅಳಿಸಿಬಿಡು. ನಮಗೇನೂ ಬ್ಯಾಸರ ಇಲ್ಲ. ಗೋಡಿ ಕಡೆ ತಿರುಗಿದ ಮನಷಾನ್ನ ಇತ್ತಾಗ ತಿರಿಗಿಸಿದಿ. ಅಷ್ಟ ಸಾಕು, ಜೀವ ಇರೋತನಕಾ ನೆನಸತೀವಿ.”

ಬೊಳ್ಳಮ್ಮ ಚಹಾ ಕುಡಿದಳು, ಮಗ್ಗದ ಮೇಲಿನ ಚಾದರ ಸರಿಸಿ ನೋಡಿದಳು, ಫಕ್ಕೀರವ್ವನ ಹಳೆಯ ಹಾಕಿ ಕೋಲನ್ನು ಕೈಯಲ್ಲಿ ತೂಗಿ ನೋಡಿದಳು. ಬಸ್ಸಿನ ಹೊತ್ತಾಗುತ್ತಿದೆ ಎಂದು ಅಯ್ಯಣ್ಣ ಎದ್ದ ಮೇಲೆ ನನ್ನ ಕಡೆ ತಿರುಗಿದಳು.

“ಎಲ್ಲಾ ಕಡೆ ಅಳಿಸಿ ಮೇಡಂ. ಈ ಮನೆಯಲ್ಲಿ ಇರಲಿ.”

“ಒಂದೇ ಮನೆಗಾದರೆ ಅದು ಹಳೆಯದಾಗುತ್ತೆ,” ಎಂದೆ. “ಹೊಸ ಬರಹ ಸಿಗದೆ ಇದ್ದರೆ ಎರಡು ವರ್ಷದ ಮೇಲೂ ಅದು ಈಗಿನ ಬೊಳ್ಳಮ್ಮನೇ ಆಗಿರುತ್ತೆ.”

“ನಾನು ಕಳಿಸ್ತೀನಿ. ಪ್ರತಿ ವಾರ.”

ನಾವು ಹಾಗೇ ಮಾಡಿದೆವು. ಮೂರು ಲಕ್ಷ ಮನೆಗಳಿಂದ ಅವಳನ್ನು ತೆಗೆದೆವು, ಕೆಂಪು ಗುಂಡಿಯನ್ನು ಎಲ್ಲರ ಆಟದಿಂದಲೂ ತೆಗೆದೆವು. ಆಟ ಬಿಟ್ಟುಹೋದವರೂ ಇದ್ದಾರೆ, ಹೋಗಲಿ. ಪ್ರತಿ ಶನಿವಾರ ಬೊಳ್ಳಮ್ಮ ಎಲ್ಲೇ ಇರಲಿ, ಅವಳ ಎದೆಪಟ್ಟಿಯ ವಾರದ ಬರಹ ನಮಗೆ ಬರುತ್ತದೆ. ಮೇಲೆ ‘ಬೆಟಗೇರಿಗೆ’ ಎಂದಿರುತ್ತದೆ. ನಾವು ಅದನ್ನು ಪಡಿಯಚ್ಚಿಗೆ ಉಣಿಸಿ, ಪರದೆಯ ಮೂಲೆಯಲ್ಲಿ ಅವಳ ಉಸಿರಿನ ಗೆರೆಯೂ ಕಾಣುವಂತೆ ಮಾಡಿ ಕಳಿಸುತ್ತೇವೆ. ಇಷ್ಟು ವರ್ಷ ಈ ಕೆಲಸದಲ್ಲಿದ್ದೇನೆ, ಶನಿವಾರದ ಆ ಹತ್ತು ನಿಮಿಷದಷ್ಟು ತೃಪ್ತಿ ಕೊಟ್ಟ ಕೆಲಸ ನನಗೆ ಇನ್ನೊಂದಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಫಕ್ಕೀರವ್ವನ ಫೋನ್ ಬಂತು. “ತಂಗೀ, ಬೊಳ್ಳಮ್ಮಗ ಆರಾಮಿಲ್ಲೇನು?”

“ಯಾಕ್ರಿ? ಭೋಪಾಲದ ಹಾಕಿ ಶಿಬಿರದಾಗ ಅದಾಳ. ಆರಾಮ ಇರಬೇಕು.”

“ಇಲ್ಲವಾ, ಏನೋ ಆಗೈತಿ. ನಿನ್ನೆ ಆಟ ಹಚ್ಚಿದ ಕೂಡಲೆ ನಮ್ಮನಿಯವ್ರು ಉಸರಿನ ಗೆರೀಗೆ ಬೆರಳಿಟ್ಟು ತೋರಿಸಿದ್ರು. ಮಗ್ಗದ ಮ್ಯಾಲೆ ಎಳಿ ನೋಡಿದ ಕಣ್ಣು ಅವು, ಒಂದು ಎಳಿ ಸಡಲಾದ್ರೂ ತಿಳೀತೈತಿ. ಉಸರು ಗಿಡ್ಡ ಆಗೈತಿ ಅಂತ ಕೈಸನ್ನಿ ಮಾಡಿದ್ರು. ಆಕಿನ್ನ ಒಳಗ ಇಳಸಲೇ ಇಲ್ಲ.”

ನಾನು ಭೋಪಾಲಕ್ಕೆ ಫೋನ್ ಮಾಡಿದೆ. ಬೊಳ್ಳಮ್ಮನ ದನಿ ಒಡೆದಿತ್ತು. ಮೂರು ದಿನದಿಂದ ಜ್ವರ. ಶಿಬಿರದಿಂದ ಮನೆಗೆ ಕಳಿಸಿಯಾರೆಂದು ಯಾರಿಗೂ ಹೇಳದೆ ಮಾತ್ರೆ ನುಂಗಿ ಓಡುತ್ತಿದ್ದಳು. ಅಮ್ಮನಿಗೂ ಹೇಳಿರಲಿಲ್ಲ.

“ನಿಮಗೆ ಯಾರು ಹೇಳಿದ್ದು?” ಎಂದಳು.

ಹೇಳಿದೆ.

“ಮತ್ತೆ ಆ ಪಂದ್ಯ? ನಿನ್ನೆ ಅವರ ಆಟದಲ್ಲಿ ಫೈನಲ್ಸ್ ಇತ್ತು. ಹೋದ ವಾರ ಫಕ್ಕೀರವ್ವ ಆಂಟಿ ಹೇಳಿದ್ದರು.”

“ನಾಲ್ಕು ಕ್ವಾರ್ಟರೂ ನಿನ್ನನ್ನ ಬೆಂಚಿನ ಮೇಲೆ ಕೂರಿಸಿದ್ರಂತೆ. ಮೂರು–ಸೊನ್ನೆ ಸೋತರಂತೆ.”

“ನನಗೋಸ್ಕರ ಸೋತ್ರಾ?” ಎಂದಳು ಬೊಳ್ಳಮ್ಮ. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ, “ಮೇಡಂ, ಫೋನ್ ಇಡ್ತೀನಿ. ಜ್ವರ ಇದೆ ಅಂತ ಇಲ್ಲಿನ ಕೋಚ್ ಸರ್‌ಗೆ ಹೇಳಿ, ಹೋಗಿ ಮಲಗ್ತೀನಿ,” ಎಂದಳು.